ಹೆಪ್ಪು ಎಷ್ಟು, ಬಿಸಿ ಎಷ್ಟು? ಅಣ್ಣನ ಸ್ಕಿಜೋಫ್ರೇನಿಯಾ ಮತ್ತು ಮನೆಯವರ ನಾಲ್ಕು ಕಾರಣಗಳು

ಪ್ರಶ್ನೆ: ಡಾಕ್ಟ್ರೇ, ನಾನು ದಾವಣಗೆರೆ ಕಡೆಯವಳು, 28 ವರ್ಷ. ಅಣ್ಣನಿಗೆ 32. ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿ ಹಾಸ್ಟೆಲಿನಲ್ಲಿದ್ದಾಗ, ಪಕ್ಕದ ರೂಮಿನವರು ತನ್ನ ಬಗ್ಗೆಯೇ ಮಾತಾಡುತ್ತಾರೆ, ಫೋನು ಕದ್ದು ಕೇಳುತ್ತಾರೆ ಅಂತ ಶುರುವಾಯಿತು. ಸ್ಕಿಜೋಫ್ರೇನಿಯಾ ಅಂದರು. ಈಗ ಮಾತ್ರೆ ತಗೊಂಡು ಅಪ್ಪನ ಅಂಗಡಿಯಲ್ಲಿ ಕೂರುತ್ತಾನೆ. ಕಾರಣ ಏನು ಅಂದರೆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಅಪ್ಪ ಹಾಸ್ಟೆಲಿನ ಗಾಂಜಾ ಅಂತಾರೆ. ಅಜ್ಜಿ ಮಾಟ ಅಂತಾರೆ. ಅತ್ತೆ, ಅಮ್ಮ ಮುದ್ದು ಮಾಡಿ ಕೆಡಿಸಿದಳು ಅಂತಾರೆ. ಅಮ್ಮ ಮಾತ್ರ, 'ಹುಟ್ಟಿದಾಗ ಅವನು ಅಳಲೇ ಇಲ್ಲ, ಆಗಲೇ ಹೆದರಿಕೆ ಆಗಿತ್ತು' ಅಂತ ಕಣ್ಣೊರೆಸಿಕೊಳ್ಳುತ್ತಾರೆ. ಅಮ್ಮ ಅಪ್ಪನಿಗೆ ಸೋದರಮಾವನ ಮಗಳು. ಅಜ್ಜಿಯ ಕೊನೆಯ ತಮ್ಮ ಒಬ್ಬರು ಮನೆ ಬಿಟ್ಟು ಗುಡಿಯ ಜಗಲಿಯಲ್ಲೇ ಒಬ್ಬರೇ ಮಾತಾಡಿಕೊಂಡು ಕಾಲ ಕಳೆದರಂತೆ. ನನಗೀಗ ಹುಬ್ಬಳ್ಳಿಯಿಂದ ಒಂದು ಸಂಬಂಧ ಬಂದಿದೆ. ಅವರಿಗೆ ಹೇಳಬೇಕಾ? ನನಗೆ ಹುಟ್ಟುವ ಮಕ್ಕಳಿಗೆ ಬರುತ್ತಾ? ಜೀನ್ ಟೆಸ್ಟ್ ಮಾಡಿಸಬೇಕಾ? ಅವರು ಒಪ್ಪದಿದ್ದರೆ ಅತ್ತೆಯ ಮಗ ಇದ್ದಾನಲ್ಲ ಅಂತಾರೆ ಮನೆಯಲ್ಲಿ. ಮದುವೆ ದಿನ ಅಣ್ಣನನ್ನು ಚಿಕ್ಕಪ್ಪನ ಮನೆಯಲ್ಲಿ ಇರಿಸೋಣ ಅಂತಲೂ ಮಾತು ನಡೆದಿದೆ.

ಉತ್ತರ: ನಿಮ್ಮ ಮನೆಯ ನಾಲ್ಕು ಕಾರಣಗಳಲ್ಲಿ ಮಾಟವನ್ನು ಪಕ್ಕಕ್ಕಿಡೋಣ. ಅಜ್ಜಿಯ ಜೊತೆ ವಾದ ಮಾಡಬೇಡಿ. ಮಾತ್ರೆ ನಿಲ್ಲಿಸದೆ ಎಷ್ಟು ಹರಕೆ ಬೇಕಾದರೂ ಹೊರಲಿ. ಗಾಂಜಾ, ಹೆರಿಗೆಯ ತೊಂದರೆ, ಜೊತೆಗೆ ನೀವು ಹೆದರುತ್ತಿರುವ ವಂಶ, ಈ ಮೂರರಲ್ಲೂ ಒಂದಿಷ್ಟು ನಿಜ ಇದೆ. ಅಮ್ಮನ ಮುದ್ದಿನಿಂದ ಹೀಗಾಯಿತು ಅನ್ನೋದು ಮಾತ್ರ ಪೂರ್ತಿ ತಪ್ಪು. ಅಲ್ಲಿಂದಲೇ ಶುರು ಮಾಡುತ್ತೇನೆ. ನಿಮ್ಮಮ್ಮನಿಗೆ ಆ ಉತ್ತರ ಇವತ್ತೇ ತಲುಪಲಿ.

ಈ ಆರೋಪ ಹೊರಿಸಿದವರಲ್ಲಿ ನಿಮ್ಮತ್ತೆ ಮೊದಲನೆಯವರಲ್ಲ. ನಮ್ಮ ವೈದ್ಯರೇ ಹೊರಿಸಿದ್ದರು. 1948ರಲ್ಲಿ ಅಮೆರಿಕದಲ್ಲಿದ್ದ ಫ್ರೀಡಾ ಫ್ರಾಮ್ ರೈಷ್‌ಮನ್ ಎಂಬ ಹೆಸರಾಂತ ಮನೋವೈದ್ಯೆ 'ಸ್ಕಿಜೋಫ್ರೇನಿಯಾ ತರಿಸುವ ತಾಯಿ' ಎಂಬ ಮಾತನ್ನು ಬಳಕೆಗೆ ತಂದರು. ಮುಂದೆ ಸುಮಾರು ಮೂರು ದಶಕ ಎಷ್ಟೋ ತಾಯಂದಿರು ಮಗನ ಕಾಯಿಲೆಯ ಜೊತೆ ಈ ಅಪವಾದವನ್ನೂ ಹೊತ್ತರು. ಆಮೇಲೆ ಒಬ್ಬರು ಒಂದು ಸರಳ ಕೆಲಸ ಮಾಡಿದರು. ಅಮೆರಿಕದ ಆರೆಗಾನ್ ರಾಜ್ಯದ ಮಾನಸಿಕ ಆಸ್ಪತ್ರೆಗಳಲ್ಲಿ ಸ್ಕಿಜೋಫ್ರೇನಿಯಾ ಇದ್ದ ತಾಯಂದಿರಿಗೆ ಹುಟ್ಟಿ, ಕೆಲವೇ ದಿನಗಳಲ್ಲಿ ತಾಯಿಯಿಂದ ಬೇರೆಯಾಗಿ ಬೆಳೆದ 47 ಮಕ್ಕಳನ್ನು ಲಿಯೊನಾರ್ಡ್ ಹೆಸ್ಟನ್ ಹುಡುಕಿದರು. ಅವರು ದೊಡ್ಡವರಾದ ಮೇಲೆ 5 ಜನರಿಗೆ ಕಾಯಿಲೆ ಬಂದಿತ್ತು. ಹಾಗೆಯೇ ಬೇರೆಡೆ ಬೆಳೆದ, ಆದರೆ ತಾಯಿಗೆ ಕಾಯಿಲೆ ಇಲ್ಲದ 50 ಮಕ್ಕಳಲ್ಲಿ ಒಬ್ಬರಿಗೂ ಬಂದಿರಲಿಲ್ಲ. 1966ರಲ್ಲಿ ಇದು ಪ್ರಕಟವಾಯಿತು. ಕೈತುತ್ತು ಕೊಟ್ಟದ್ದು, ಗದರಿದ್ದು, ಮುದ್ದು ಮಾಡಿದ್ದು ಯಾವುದೂ ಆ ತಾಯಂದಿರ ಕೈಯಲ್ಲಿ ಇರಲೇ ಇಲ್ಲ. ಆದರೂ ಕಾಯಿಲೆ ಬಂತು. ಹಾಗಾದರೆ ತಾಯಿಯಿಂದ ಬಂದದ್ದು ಸಾಕಿದ ರೀತಿಯಲ್ಲ, ಬೇರೇನೋ. ಅತ್ತೆ ಮುಂದಿನ ಸಲ ಬಾಯಿ ತೆಗೆದಾಗ ಇದನ್ನು ಹೇಳಿ.

ಜೊತೆಗೆ ಇನ್ನೊಂದನ್ನೂ ನೆನಪಿಸಿ. ಜಗಲಿಯ ಆ ಅಜ್ಜ ಅತ್ತೆಗೂ ಸೋದರಮಾವನೇ. ನಿಮ್ಮಪ್ಪನಿಗೆ ಸೋದರಮಾವ, ನಿಮ್ಮಮ್ಮನಿಗೆ ಅಪ್ಪನ ತಮ್ಮ. ಅವರಿಗಿದ್ದದ್ದು ಇದೇ ಕಾಯಿಲೆಯೇ ಆಗಿದ್ದರೆ ಅದು 'ಅಮ್ಮನ ಕಡೆಯ ರಕ್ತ' ಅಲ್ಲ, ಎಲ್ಲರ ಕಡೆಯದು.

ಈಗ 'ಬೇರೇನೋ' ಅಂದೆನಲ್ಲ, ಅದಕ್ಕೆ ಬರೋಣ. ನನ್ನ ಹತ್ತಿರ ಬರುತ್ತಿದ್ದ ಇಬ್ಬರು ಅವಳಿ ಹುಡುಗರ ಕಥೆ ಹೇಳುತ್ತೇನೆ. ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿದ್ದೇನೆ. ತದ್ರೂಪಿ ಅವಳಿ, ಇಬ್ಬರ ಎಡ ಹುಬ್ಬಿನಲ್ಲೂ ಒಂದೇ ಥರದ ಸುಳಿ. ಒಬ್ಬನಿಗೆ ಕಾಯಿಲೆ. ಇನ್ನೊಬ್ಬ ಅವನನ್ನು ಬೈಕಿನಲ್ಲಿ ಕೂರಿಸಿಕೊಂಡು ತಿಂಗಳಿಗೊಮ್ಮೆ ಬರುತ್ತಿದ್ದ. ಮಾತ್ರೆ ಡಬ್ಬಿ ಯಾವಾಗಲೂ ಅವನ ಜೇಬಿನಲ್ಲೇ. ಒಂದು ದಿನ ಅವರಪ್ಪ ಕೇಳಿದರು: 'ಒಂದೇ ಬಸಿರು, ಒಂದೇ ತಟ್ಟೆ, ಒಂದೇ ಸ್ಕೂಲು. ಇವನಿಗೆ ಯಾಕೆ ಬಂತು, ಅವನಿಗೆ ಯಾಕೆ ಬರಲಿಲ್ಲ?' ಆ ಪ್ರಶ್ನೆಯಲ್ಲೇ ಇಡೀ ವಿಷಯ ಇದೆ. ತದ್ರೂಪಿ ಅವಳಿಗಳ ಜೀನ್‌ಗಳು ಹೆಚ್ಚುಕಡಿಮೆ ಒಂದೇ. ಕಾಯಿಲೆ ಬರೀ ಜೀನ್‌ನದ್ದಾಗಿದ್ದರೆ ಒಬ್ಬನಿಗೆ ಬಂದರೆ ಇನ್ನೊಬ್ಬನಿಗೂ ಬರಲೇಬೇಕಿತ್ತು. ಹಾಗಾಗುವುದಿಲ್ಲ. ಡೆನ್ಮಾರ್ಕಿನ ದೊಡ್ಡ ಅವಳಿ ಅಧ್ಯಯನ 2018ರಲ್ಲಿ ಬಂತು. ತದ್ರೂಪಿ ಅವಳಿಯಲ್ಲಿ ಒಬ್ಬರಿಗಿದ್ದರೆ ಇನ್ನೊಬ್ಬರಿಗೂ ಬರುವುದು ನೂರಕ್ಕೆ ಸುಮಾರು 33. ಸಾಮಾನ್ಯ ಅವಳಿಗಳಲ್ಲಿ 7. ಹಳೆಯ ಅಧ್ಯಯನಗಳು ತದ್ರೂಪಿಗಳ ಲೆಕ್ಕವನ್ನು 48ರವರೆಗೂ ಹೇಳುತ್ತಿದ್ದವು. ಯಾವುದನ್ನು ಹಿಡಿದರೂ ಅರ್ಧಕ್ಕಿಂತ ಜಾಸ್ತಿ ಜನ ತಪ್ಪಿಸಿಕೊಳ್ಳುತ್ತಾರೆ.

ಆದರೆ ಅದೇ ಡೆನ್ಮಾರ್ಕಿನ ಅಧ್ಯಯನ ಇನ್ನೊಂದು ಮಾತೂ ಹೇಳಿತು: ಸ್ಕಿಜೋಫ್ರೇನಿಯಾದ ವಂಶಪಾರಂಪರ್ಯ ಪ್ರಮಾಣ ನೂರಕ್ಕೆ 79. ಇದನ್ನು ಓದಿದ ಜನ 'ಕಾಯಿಲೆ 80 ಭಾಗ ರಕ್ತದಿಂದ, 20 ಭಾಗ ಹೊರಗಿನಿಂದ' ಅಂತ ಅಂದುಕೊಳ್ಳುತ್ತಾರೆ. ಎಂಬಿಬಿಎಸ್ ಹುಡುಗರೂ ಹಾಗೇ ಬರೆಯುತ್ತಾರೆ. ಅದು ಹಾಗಲ್ಲ.

ಮೊಸರನ್ನೇ ತಗೊಳ್ಳಿ. ಹೆಪ್ಪು ಅಂದರೆ ಜೀನ್, ಬಿಸಿ ಅಂದರೆ ಹೊರಗಿನ ಪರಿಸರ ಅಂತ ಇಟ್ಟುಕೊಳ್ಳಿ. ರಾತ್ರಿ ಹಾಲಿಗೆ ಹೆಪ್ಪು ಹಾಕಿಟ್ಟಿರಿ. ಬೆಳಿಗ್ಗೆ ಮೊಸರಾಯಿತು. ಅದು ಆದದ್ದು ಹೆಪ್ಪಿನಿಂದಲೋ, ಬಿಸಿಯಿಂದಲೋ? ದಾವಣಗೆರೆಯ ಏಪ್ರಿಲ್ ಸೆಕೆಯಲ್ಲಿ ಚಮಚದ ತುದಿಗೆ ಅಂಟಿದಷ್ಟು ಹೆಪ್ಪು ಸಾಕು. ಮಡಿಕೇರಿಯ ಮಳೆಗಾಲದಲ್ಲಿ ಎರಡು ಚಮಚ ಹಾಕಿದರೂ ಬೆಳಿಗ್ಗೆ ಹಾಲು ಹಾಲಾಗೇ ಇರುತ್ತದೆ, ಪಾತ್ರೆಗೆ ಬಟ್ಟೆ ಸುತ್ತಿ ಒಲೆಯ ಹತ್ತಿರ ಇಡಬೇಕು. ಹೆಪ್ಪೇ ಇಲ್ಲದ ಹಾಲನ್ನು ಎಷ್ಟು ಬೆಚ್ಚಗಿಟ್ಟರೂ ನೀವು ಬಯಸಿದ ಮೊಸರಾಗುವುದಿಲ್ಲ. 'ಮೊಸರಿನಲ್ಲಿ ಹೆಪ್ಪಿನ ಪಾಲೆಷ್ಟು, ಬಿಸಿಯ ಪಾಲೆಷ್ಟು' ಅಂತ ಅಮ್ಮನನ್ನು ಕೇಳಿ ನೋಡಿ, ತಲೆ ನೆಟ್ಟಗಿದೆಯಾ ಅಂತಾರೆ.

ಆದರೆ ಬೇರೆ ಒಂದು ಪ್ರಶ್ನೆ ಕೇಳಬಹುದು. ಒಂದು ಬೀದಿಯಲ್ಲಿ ನೂರು ಮನೆ. ಎಲ್ಲರ ಅಡುಗೆಮನೆಯಲ್ಲೂ ಒಂದೇ ಸೆಕೆ. ಕೆಲವರ ಮೊಸರು ಗಟ್ಟಿ, ಕೆಲವರದು ನೀರು. ಈ ಮನೆಗೂ ಆ ಮನೆಗೂ ಇರುವ ವ್ಯತ್ಯಾಸ ಎಲ್ಲಿಂದ ಬಂತು? ಪೂರ್ತಿ ಹೆಪ್ಪಿನಿಂದ, ಯಾಕೆಂದರೆ ಬಿಸಿ ಎಲ್ಲರಿಗೂ ಒಂದೇ. ಆ ಬೀದಿಯಲ್ಲಿ ವಂಶಪಾರಂಪರ್ಯ ಪ್ರಮಾಣ ನೂರಕ್ಕೆ ನೂರು. ಹಾಗಂತ ಬಿಸಿ ಬೇಡ ಅಂತಲ್ಲ. ಎಲ್ಲ ಪಾತ್ರೆಗಳನ್ನೂ ಫ್ರಿಜ್ಜಿನಲ್ಲಿಡಿ, ಯಾರ ಮನೆಯಲ್ಲೂ ಮೊಸರಿಲ್ಲ. 79 ಅನ್ನೋ ಸಂಖ್ಯೆ ಹೇಳುವುದು ಇಷ್ಟೇ: ಡೆನ್ಮಾರ್ಕಿನಂಥ, ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಥರದ ಊಟ, ಆಸ್ಪತ್ರೆ, ಸ್ಕೂಲು ಇರುವ ಕಡೆ, ಜನರಿಂದ ಜನರಿಗೆ ಇರುವ ಅಪಾಯದ ವ್ಯತ್ಯಾಸದಲ್ಲಿ ಬಹುಪಾಲು ಜೀನ್‌ಗಳ ಕಡೆ ಬೆರಳು ತೋರಿಸುತ್ತದೆ. ನಿಮ್ಮಣ್ಣ ಒಬ್ಬನ ಬಗ್ಗೆ ಆ ಸಂಖ್ಯೆ ಏನೂ ಹೇಳುವುದಿಲ್ಲ. ಇನ್ನೊಂದು ಸೂಕ್ಷ್ಮ ಇದೆ. ಒಂದೇ ಮನೆಯ ಬಿಸಿ ಕೆಲವು ಜೀನ್‌ಗಳಿರುವ ಮಕ್ಕಳನ್ನು ಮಾತ್ರ ತಟ್ಟಿದರೆ, ಅವಳಿ ಲೆಕ್ಕದಲ್ಲಿ ಅದು ಜೀನ್‌ನ ಖಾತೆಗೇ ಜಮಾ ಆಗುತ್ತದೆ. ಅಂದರೆ ಆ 79ರ ಒಳಗೂ ಪರಿಸರ ಅಡಗಿ ಕೂತಿರಬಹುದು.

ಹೆಪ್ಪು ಅಂದರೆ ಏನು ಅಂತ ಈಗ ಸಾಕಷ್ಟು ಗೊತ್ತಾಗಿದೆ. 'ಸ್ಕಿಜೋಫ್ರೇನಿಯಾ ಜೀನ್' ಅಂತ ಒಂದಿಲ್ಲ. ಬೇರೆ ಬೇರೆ ದೇಶಗಳ ವಿಜ್ಞಾನಿಗಳ ಒಂದು ದೊಡ್ಡ ಕೂಟ 2014ರಲ್ಲಿ ಜೀನ್‌ಗಳ ನಕ್ಷೆಯಲ್ಲಿ ಅಪಾಯಕ್ಕೆ ಸಂಬಂಧಪಟ್ಟ 108 ಜಾಗಗಳನ್ನು ಗುರುತಿಸಿತು. 2022ರಲ್ಲಿ 76 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ನೋಡಿ ಅದು 287ಕ್ಕೆ ಏರಿತು. ಒಂದೊಂದರ ಪ್ರಭಾವವೂ ಒಂದು ಹನಿಯಷ್ಟು. ಇವುಗಳಲ್ಲಿ ಎಷ್ಟೋ ನನ್ನಲ್ಲೂ ಇವೆ, ನಿಮ್ಮಲ್ಲೂ ಇವೆ, ಹುಬ್ಬಳ್ಳಿಯ ವರನ ಮನೆಯವರಲ್ಲೂ ಇವೆ. ಯಾರಲ್ಲಿ ಹನಿಗಳು ಜಾಸ್ತಿ ಸೇರಿವೆ ಅನ್ನುವುದೇ ಪ್ರಶ್ನೆ. ಅದಕ್ಕೇ ಸುಮಾರು ಮೂರರಲ್ಲಿ ಎರಡು ಪಾಲು ರೋಗಿಗಳ ಹತ್ತಿರದ ನೆಂಟರಲ್ಲಿ ಯಾರಿಗೂ ಈ ಕಾಯಿಲೆ ಇರುವುದಿಲ್ಲ. 'ನಮ್ಮ ವಂಶದಲ್ಲೇ ಇಲ್ಲ' ಅಂತ ಬೀಗುವವರಿಗೆ ಇದನ್ನು ಹೇಳಬೇಕು.

ಅಪರೂಪಕ್ಕೆ ಹೆಪ್ಪಿನ ಒಂದು ದೊಡ್ಡ ಗಟ್ಟಿಯೇ ಸಿಗುತ್ತದೆ. 22ನೇ ಕ್ರೋಮೋಸೋಮಿನ ಒಂದು ಸಣ್ಣ ತುಂಡು ಕೆಲವರಲ್ಲಿ ಹುಟ್ಟಿನಿಂದಲೇ ಇರುವುದಿಲ್ಲ. ಅಂಥವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಮುಂದೆ ಸ್ಕಿಜೋಫ್ರೇನಿಯಾದಂಥ ಕಾಯಿಲೆ ಬರುತ್ತದೆ. ಆದರೆ ಆ ತುಂಡು ಇಲ್ಲದಿರುವುದು ಬೇರೆ ಕಡೆಯೂ ಗೊತ್ತಾಗುತ್ತದೆ: ಹುಟ್ಟಿನಿಂದ ಹೃದಯದ ತೊಂದರೆ, ಸೀಳು ಅಂಗುಳ, ಮೂಗಿನಲ್ಲಿ ಮಾತು, ಓದಿನಲ್ಲಿ ತೀರಾ ಹಿಂದೆ, ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆ. ಅಣ್ಣನಿಗೆ ಇವು ಯಾವುದಾದರೂ ಇದ್ದರೆ ಅವನ ಡಾಕ್ಟರಿಗೆ ಹೇಳಿ, ಅದಕ್ಕೆ ಪರೀಕ್ಷೆ ಇದೆ.

ಈ ಜೀನ್‌ಗಳು ಮಾಡುವುದಾದರೂ ಏನು? ಒಂದರ ಕೆಲಸ ಮಾತ್ರ ಹೇಳುತ್ತೇನೆ, ಯಾಕೆಂದರೆ 'ಇಪ್ಪತ್ತರವರೆಗೆ ಚೆನ್ನಾಗಿದ್ದ ಹುಡುಗ ಇದ್ದಕ್ಕಿದ್ದಂತೆ ಯಾಕೆ ಹೀಗಾದ' ಅನ್ನೋ ಪ್ರಶ್ನೆಗೆ ಅದು ಸ್ವಲ್ಪ ದಾರಿ ತೋರಿಸುತ್ತದೆ. ಹದಿವಯಸ್ಸಿನಲ್ಲಿ ಮಿದುಳು ತನ್ನ ನರಕೋಶಗಳ ನಡುವಿನ ಬೇಡದ ಕೊಂಡಿಗಳನ್ನು ಕಳಚಿ ಹಾಕುತ್ತದೆ, ತೋಟದಲ್ಲಿ ಬೇಡದ ರೆಂಬೆ ಸವರಿದ ಹಾಗೆ. ಎಲ್ಲರಲ್ಲೂ ಆಗುವ ಕೆಲಸ ಅದು. ಸಿ4 ಅನ್ನೋ ಜೀನ್ ಈ ಕಳಚುವ ಕೆಲಸದಲ್ಲಿ ಕೈ ಹಾಕುತ್ತದೆ ಅಂತ 2016ರಲ್ಲಿ ಹಾರ್ವರ್ಡಿನ ತಂಡ ತೋರಿಸಿತು. ಅದರ ಕೆಲವು ರೂಪಗಳು ಇರುವವರಲ್ಲಿ ಅಪಾಯ ಸ್ವಲ್ಪ ಜಾಸ್ತಿ. ಬೇಕಾದ ರೆಂಬೆಗೂ ಕತ್ತಿ ಬೀಳುತ್ತದೆ ಅನ್ನೋದು ಊಹೆ. ಊಹೆ ಅಂತಲೇ ಇಟ್ಟುಕೊಳ್ಳಿ. ಆದರೆ ಕಾಯಿಲೆ 18ರಿಂದ 30ರ ನಡುವೆ ಯಾಕೆ ಹೆಚ್ಚಾಗಿ ತಲೆ ಎತ್ತುತ್ತದೆ ಅನ್ನೋದಕ್ಕೆ ಒಳ್ಳೆಯ ಊಹೆ.

ಇನ್ನು ಬಿಸಿ. ಇದು ಹುಟ್ಟುವ ಮೊದಲೇ ಶುರುವಾಗುತ್ತದೆ. 1944–45ರ ಚಳಿಗಾಲದಲ್ಲಿ ಜರ್ಮನ್ ಸೇನೆ ಪಶ್ಚಿಮ ಹಾಲೆಂಡಿಗೆ ಆಹಾರ ಹೋಗದಂತೆ ತಡೆಯಿತು. ಆ ಹಸಿವಿನ ತಿಂಗಳುಗಳಲ್ಲಿ ಗರ್ಭ ಕಟ್ಟಿದ ಮಕ್ಕಳು ದೊಡ್ಡವರಾದಾಗ ಅವರಲ್ಲಿ ಸ್ಕಿಜೋಫ್ರೇನಿಯಾ ಸುಮಾರು ಎರಡು ಪಟ್ಟು ಕಂಡಿತು. ಚೀನಾದ ಆನ್‌ಹ್ವೇ ಪ್ರಾಂತ್ಯದಲ್ಲಿ 1959–61ರ ಘೋರ ಬರಗಾಲದ ನಂತರವೂ ಇದೇ ಕಥೆ: 1959ರಲ್ಲಿ ಹುಟ್ಟಿದವರಲ್ಲಿ ನೂರಕ್ಕೆ 0.84, 1960ರಲ್ಲಿ ಹುಟ್ಟಿದವರಲ್ಲಿ 2.15. ಜೀನ್‌ಗಳು ಒಂದು ವರ್ಷದಲ್ಲಿ ಬದಲಾಗುವುದಿಲ್ಲ. ಬದಲಾದದ್ದು ಬಸುರಿಯ ತಟ್ಟೆ.

ನಿಮ್ಮಮ್ಮನ ಮಾತು ಇಲ್ಲಿಗೆ ಬಂದು ಸೇರುತ್ತದೆ. ಹುಟ್ಟಿದಾಗ ಅಳದಿರುವುದು ಅಂದರೆ ಮಗುವಿಗೆ ಉಸಿರು ತಡವಾಗಿ ಬಂದಿರಬಹುದು. ಅಂಥ ಹೆರಿಗೆ ತೊಂದರೆಗಳು ಅಪಾಯವನ್ನು ಸುಮಾರು ಎರಡು ಪಟ್ಟು ಮಾಡುತ್ತವೆ. ಎರಡು ಪಟ್ಟು ಅಂದರೆ ದೊಡ್ಡದಾಗಿ ಕೇಳಿಸುತ್ತದೆ, ಆದರೆ ನೂರಕ್ಕೆ ಒಂದು ಇದ್ದದ್ದು ಎರಡಾಗುತ್ತದೆ, ಅಷ್ಟೆ. ತಡವಾಗಿ ಅತ್ತ ಬಹುಪಾಲು ಮಕ್ಕಳು ಚೆನ್ನಾಗೇ ಬೆಳೆಯುತ್ತಾರೆ. 2018ರಲ್ಲಿ ಬಂದ ಒಂದು ಸಂಶೋಧನೆ ಇದಕ್ಕೆ ಇನ್ನೊಂದು ಎಳೆ ಸೇರಿಸಿತು. ಜೀನ್‌ನ ಹನಿಗಳು ಜಾಸ್ತಿ ಇದ್ದು, ಬಸಿರು ಅಥವಾ ಹೆರಿಗೆಯಲ್ಲೂ ತೊಂದರೆ ಆದವರಲ್ಲಿ ಕಾಯಿಲೆಯ ಸಾಧ್ಯತೆ, ಬರೀ ಹನಿಗಳು ಜಾಸ್ತಿ ಇದ್ದವರಿಗಿಂತ ಐದು ಪಟ್ಟು ಹೆಚ್ಚು. ಈ ಜೀನ್‌ಗಳಲ್ಲಿ ಕೆಲವು ಮಿದುಳಿನಲ್ಲಲ್ಲ, ಮಾಸಿನಲ್ಲಿ ಚುರುಕಾಗಿ ಕೆಲಸ ಮಾಡುತ್ತವಂತೆ! ಮಾಸಿಗೆ ತೊಂದರೆಯಾದಾಗ ಹೆಪ್ಪೂ ಬಿಸಿಯೂ ಅಲ್ಲೇ ಒಟ್ಟಿಗೆ ಸೇರುತ್ತವೆ. ಬೇರೆ ತಂಡಗಳು ಇದನ್ನು ಮತ್ತೆ ಮತ್ತೆ ಒರೆಗೆ ಹಚ್ಚಬೇಕು. ಆದರೂ ಓದಿದ ದಿನ ನನಗೆ ಮೈ ಜುಂ ಅಂದಿತ್ತು.

ಅಪ್ಪನ ಗಾಂಜಾ ವಾದ. ಸ್ವೀಡನ್ ದೇಶದಲ್ಲಿ 1969–70ರಲ್ಲಿ ಸೇನೆಗೆ ಸೇರಿದ 45 ಸಾವಿರ ಹುಡುಗರನ್ನು 15 ವರ್ಷ ಗಮನಿಸಿದರು. 50 ಸಲಕ್ಕಿಂತ ಜಾಸ್ತಿ ಗಾಂಜಾ ಸೇದಿದ್ದವರಲ್ಲಿ ಸ್ಕಿಜೋಫ್ರೇನಿಯಾ ಆರು ಪಟ್ಟು. ಬೇರೆ ಅಂಶಗಳನ್ನು ಕಳೆದರೆ ಅದು ಕಡಿಮೆಯಾಗುತ್ತದೆ, ಆದರೆ ಹೋಗುವುದಿಲ್ಲ. 2019ರಲ್ಲಿ ಯುರೋಪಿನ ಹಲವು ನಗರಗಳಲ್ಲಿ ನೋಡಿದಾಗ, ತೀಕ್ಷ್ಣವಾದ ಗಾಂಜಾವನ್ನು ದಿನಾ ಸೇದುವವರಲ್ಲಿ ಸೈಕೋಸಿಸ್ (ಇಲ್ಲದ ದನಿ ಕೇಳಿಸುವ, ಇಲ್ಲದ ಅನುಮಾನ ಹಿಡಿಯುವಂಥ ಸ್ಥಿತಿ) ಸುಮಾರು ಐದು ಪಟ್ಟು ಇತ್ತು. ಹಾಗಂತ ಹಾಸ್ಟೆಲಿನಲ್ಲಿ ಸೇದಿದ ಎಲ್ಲರಿಗೂ ಕಾಯಿಲೆ ಬಂತೇ? ಇಲ್ಲ. ಅಣ್ಣನ ರೂಮ್‌ಮೇಟ್ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರಬಹುದು. ಇಲ್ಲಿ ಇನ್ನೊಂದು ಗಂಟೂ ಇದೆ. ಸ್ಕಿಜೋಫ್ರೇನಿಯಾಕ್ಕೆ ದಾರಿ ಮಾಡುವ ಜೀನ್‌ಗಳಲ್ಲಿ ಕೆಲವು ಗಾಂಜಾದ ಕಡೆಗೂ ಸ್ವಲ್ಪ ತಳ್ಳುತ್ತವೆ. ಕಾಯಿಲೆ ಶುರುವಾಗುವ ಮುಂಚಿನ ತಿಂಗಳುಗಳಲ್ಲಿ ನಿದ್ದೆ ಬರದೆ, ಒಳಗೊಳಗೇ ಕಸಿವಿಸಿಯಾಗಿ, ಅದಕ್ಕೇ ಸೇದಲು ಶುರು ಮಾಡುವವರೂ ಇದ್ದಾರೆ. ನಾನು ಅಪ್ಪಂದಿರಿಗೆ ಹೇಳುವುದು: ಹಾಸ್ಟೆಲಿನಲ್ಲಿ ಸೇದಿದ್ದಕ್ಕೆ ಈಗ ಬೈಯಬೇಡಿ, ಇನ್ನು ಮುಂದೆ ಮುಟ್ಟದ ಹಾಗೆ ನೋಡಿಕೊಳ್ಳಿ. ಕಾಯಿಲೆ ಮರುಕಳಿಸುವುದಕ್ಕೆ ಗಾಂಜಾ ಖಂಡಿತ ಕಾರಣ ಆಗುತ್ತದೆ.

ಚಿಕ್ಕಂದಿನಲ್ಲಿ ಹೊಡೆತ, ಲೈಂಗಿಕ ದೌರ್ಜನ್ಯ ಅನುಭವಿಸಿದವರಲ್ಲಿ ಸೈಕೋಸಿಸ್ ಅಪಾಯ ಹೆಚ್ಚುಕಡಿಮೆ ಮೂರು ಪಟ್ಟು. ದೇಶ ಬಿಟ್ಟು ಹೋದವರಲ್ಲೂ ಜಾಸ್ತಿ. ಅಮೆರಿಕದ ಮಿನೆಸೋಟಾಕ್ಕೆ ಹೋಗಿ ನೆಲೆಸಿದ ನಾರ್ವೆಯವರಲ್ಲಿ ಇದನ್ನು 1932ರಲ್ಲೇ ಕಂಡಿದ್ದರು. ದೊಡ್ಡ ನಗರದಲ್ಲಿ ಹುಟ್ಟಿದ್ದು ಕೂಡ ಡೆನ್ಮಾರ್ಕಿನಲ್ಲಿ ಅಪಾಯವನ್ನು ಎರಡು ಪಟ್ಟಿಗಿಂತ ಜಾಸ್ತಿ ಮಾಡುತ್ತದೆ. ಆದರೆ ನಮ್ಮಂಥ ದೇಶಗಳಲ್ಲಿ ಈ ನಗರದ ಲೆಕ್ಕ ಕೂಡಿ ಬರುವುದಿಲ್ಲ. ಹಾಗಾಗಿ 'ಬೆಂಗಳೂರಿಗೆ ಕಳಿಸಿದ್ದೇ ತಪ್ಪಾಯಿತು' ಅನ್ನೋ ಮಾತಿಗೆ ನಾನು ಸೊಪ್ಪು ಹಾಕುವುದಿಲ್ಲ.

ಹೆಪ್ಪೂ ಬಿಸಿಯೂ ಸೇರಿದಾಗ ಏನಾಗುತ್ತದೆ ಅನ್ನೋದಕ್ಕೆ ನನಗೆ ಬಹಳ ಹಿಡಿಸಿದ ಅಧ್ಯಯನ ಫಿನ್ಲೆಂಡಿನದು. ಪೆಕ್ಕಾ ತಿಯೆನಾರಿ ಮತ್ತು ಅವರ ಜೊತೆಗಾರರು ದತ್ತು ಹೋದ ಮಕ್ಕಳನ್ನು ದಶಕಗಳ ಕಾಲ ಗಮನಿಸಿ 2004ರಲ್ಲಿ ಬರೆದರು. ಕೆಲವು ಮಕ್ಕಳ ಹೆತ್ತ ತಾಯಿಗೆ ಸ್ಕಿಜೋಫ್ರೇನಿಯಾದ ಬಗೆಯ ಕಾಯಿಲೆ ಇತ್ತು, ಕೆಲವರ ತಾಯಿಗೆ ಇರಲಿಲ್ಲ. ಸಾಕಿದ ಮನೆಗಳಲ್ಲಿ ಕೆಲವು ನೆಮ್ಮದಿಯವು, ಕೆಲವು ಜಗಳ, ಬಿಗುವು, ಗೊಂದಲದವು. ತಾಯಿಗೆ ಕಾಯಿಲೆ ಇಲ್ಲದ ಮಕ್ಕಳು ಎಂಥ ಮನೆಗೆ ಹೋದರೂ ಈ ಬಗೆಯ ಕಾಯಿಲೆ ಬಂದದ್ದು ನೂರಕ್ಕೆ ಸುಮಾರು 5. ತಾಯಿಗೆ ಕಾಯಿಲೆ ಇದ್ದು ನೆಮ್ಮದಿಯ ಮನೆಗೆ ಹೋದವರಲ್ಲಿ ಸುಮಾರು 6. ತಾಯಿಗೆ ಕಾಯಿಲೆ ಇದ್ದು ಗೊಂದಲದ ಮನೆಗೆ ಹೋದವರಲ್ಲಿ ಸುಮಾರು 37. ಮತ್ತೊಮ್ಮೆ ನೋಡಿ. ಹೆಪ್ಪಿದ್ದೂ ತಣ್ಣಗಿದ್ದರೆ ಹೆಚ್ಚೇನೂ ಆಗಲಿಲ್ಲ. ಬಿಸಿಯಿದ್ದೂ ಹೆಪ್ಪಿಲ್ಲದಿದ್ದರೂ ಹೆಚ್ಚೇನೂ ಆಗಲಿಲ್ಲ.

ಇದನ್ನು ಓದಿ ಅತ್ತೆ 'ನೋಡಿ, ಮನೆಯದೇ ತಪ್ಪು' ಅಂದರೆ? ಮುದ್ದು ಮಾಡುವ ಅಮ್ಮ ಇರುವ ಮನೆ ಈ ಲೆಕ್ಕದಲ್ಲಿ ನೆಮ್ಮದಿಯ ಮನೆ. ಇನ್ನೂ ಒಂದು: ಕಾಯಿಲೆಯ ಮೊಳಕೆ ಇರುವ ಮಗು ಮನೆಯನ್ನೇ ಕಷ್ಟಕ್ಕೆ ಸಿಕ್ಕಿಸಬಹುದು. ಯಾವುದು ಮೊದಲು, ಯಾವುದು ಆಮೇಲೆ ಅಂತ ಬಿಡಿಸುವುದು ಸುಲಭ ಅಲ್ಲ.

ಎಲ್ಲ ಕಥೆಗಳೂ ಹೀಗೆ ನೆಟ್ಟಗೆ ನಿಂತಿಲ್ಲ. 2005ರಲ್ಲಿ ನ್ಯೂಜಿಲೆಂಡಿನ ಡ್ಯುನಿಡಿನ್ ಊರಿನ ಅಧ್ಯಯನವೊಂದು, ಕಾಮ್ಟ್ ಅನ್ನೋ ಒಂದೇ ಜೀನ್‌ನ ಒಂದು ರೂಪ ಇರುವವರಿಗೆ ಮಾತ್ರ ಹದಿವಯಸ್ಸಿನ ಗಾಂಜಾ ಅಪಾಯ ಅಂತ ಹೇಳಿತು. ಎಲ್ಲ ಪತ್ರಿಕೆಗಳಲ್ಲೂ ಬಂತು, ನಾನೂ ಕ್ಲಾಸಿನಲ್ಲಿ ಹೇಳಿದ್ದೆ. ಆಮೇಲೆ ಬೇರೆಯವರು ಮಾಡಿ ನೋಡಿದಾಗ ಒಬ್ಬರಿಗೆ ಹಾಗೆ, ಒಬ್ಬರಿಗೆ ಹೀಗೆ. ಒಂದು ಜೀನ್, ಒಂದು ಚಟ, ಒಂದು ಕಾಯಿಲೆ ಅಂತ ಗಂಟು ಹಾಕುವ ಸುದ್ದಿ ಕಂಡರೆ ಈಗ ನಾನು ಪುಟ ತಿರುಗಿಸುತ್ತೇನೆ.

ಹಾಗಾದರೆ ನಿಮ್ಮಣ್ಣನಿಗೆ? ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಒಂದಿಷ್ಟು ಹನಿ ಬಂದಿರಬಹುದು. ಹೆರಿಗೆಯಲ್ಲಿ ಉಸಿರು ತಡವಾಗಿರಬಹುದು. ಕೊಂಡಿಗಳು ಕಳಚುವ ವಯಸ್ಸಿನಲ್ಲಿ ಗಾಂಜಾ, ನಿದ್ದೆಗೇಡು, ಪರೀಕ್ಷೆಯ ಒತ್ತಡ. ಇವುಗಳಲ್ಲಿ ಯಾವುದನ್ನು ತೆಗೆದಿದ್ದರೆ ಬರುತ್ತಿರಲಿಲ್ಲ ಅಂತ ಯಾವ ಡಾಕ್ಟರೂ ಹೇಳಲಾರ. ಹೇಳಿದರೆ ನಂಬಬೇಡಿ.

ಇನ್ನು ನಿಮ್ಮ ವಿಷಯ. ಹಳೆಯ ಯುರೋಪಿಯನ್ ಅಧ್ಯಯನಗಳ ಲೆಕ್ಕ ಇದು, ಹೊಸವು ಇದಕ್ಕಿಂತ ಕಡಿಮೆಯೇ ಹೇಳುತ್ತವೆ. ಊರಿನ ಸಾಮಾನ್ಯ ಜನರಲ್ಲಿ ಜೀವಮಾನದಲ್ಲಿ ನೂರಕ್ಕೆ ಸುಮಾರು 1. ರೋಗಿಯ ಒಡಹುಟ್ಟಿದವರಲ್ಲಿ ಸುಮಾರು 9. ನಿಮಗೆ 28 ಆಗಿದೆ, ಅಪಾಯದ ವಯಸ್ಸಿನ ಒಂದು ಭಾಗ ದಾಟಿದ್ದೀರಿ. ಹೆಂಗಸರಲ್ಲಿ ಇದು ಗಂಡಸರಿಗಿಂತ ಕೆಲವು ವರ್ಷ ತಡವಾಗಿ ಬರುತ್ತದೆ, ಹಾಗಾಗಿ ಪೂರ್ತಿ ದಾಟಿದ್ದೀರಿ ಅನ್ನಲಾರೆ. ನಿಮ್ಮ ಮಕ್ಕಳಿಗೆ ಅಣ್ಣ ಸೋದರಮಾವ. ರೋಗಿಯ ಸೋದರಳಿಯ, ಸೋದರಸೊಸೆಯರಲ್ಲಿ ಸುಮಾರು 4. ಅಂದರೆ ನೂರರಲ್ಲಿ 96 ಮಕ್ಕಳಿಗೆ ಬರುವುದಿಲ್ಲ. ಈ ಕಾರಣಕ್ಕೆ ಮಕ್ಕಳು ಬೇಡ ಅನ್ನುವ ಮಾತೇ ಬೇಡ. ಬಸಿರಿನಲ್ಲಿ ಊಟ, ರಕ್ತಹೀನತೆಯ ಮಾತ್ರೆ, ತಪಾಸಣೆ ತಪ್ಪಿಸಬೇಡಿ, ಹೆರಿಗೆ ಸೌಕರ್ಯ ಇರುವ ಆಸ್ಪತ್ರೆಯಲ್ಲಾಗಲಿ. ಇದು ಯಾವ ಬಸುರಿಗಾದರೂ ಹೇಳುವ ಮಾತೇ. ಮಕ್ಕಳು ಹದಿನಾರು ದಾಟಿದಾಗ ಗಾಂಜಾದ ವಿಷಯ ಮುಚ್ಚುಮರೆ ಇಲ್ಲದೆ ಮಾತಾಡಿ. ಯಾರಾದರೂ ಮಂಕಾಗಿ ಕೋಣೆ ಸೇರಿ, ಓದು ಬಿಟ್ಟು, ಅನುಮಾನ ಪಡಲು ಶುರು ಮಾಡಿದರೆ ವರ್ಷಗಟ್ಟಲೆ ಕಾಯಬೇಡಿ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ 2005ರಿಂದ ನಿಮ್ಹಾನ್ಸ್‌ನವರು ಹಳ್ಳಿಗಳಲ್ಲೇ ರೋಗಿಗಳನ್ನು ಹುಡುಕಿ ಚಿಕಿತ್ಸೆ ಕೊಡುತ್ತಾ ಬಂದಿದ್ದಾರೆ. ಊರು ಬಿಡದೆ, ಸಾಮಾನ್ಯ ಮಾತ್ರೆಗಳಲ್ಲೇ ಎಷ್ಟೋ ಜನ ಚೇತರಿಸಿಕೊಂಡರು. ಫೋನಿನಲ್ಲಿ ಕೇಳಬೇಕೆಂದರೆ ಟೆಲಿ ಮಾನಸ್ ಇದೆ, 14416. ಕನ್ನಡದಲ್ಲೇ ಮಾತಾಡಬಹುದು.

ಅತ್ತೆಯ ಮಗನ ಬಗ್ಗೆ ನೇರವಾಗಿ ಹೇಳುತ್ತೇನೆ. ಸಂಬಂಧದಲ್ಲಿ ಮದುವೆ ನಮ್ಮಲ್ಲಿ ಹೊಸದಲ್ಲ, ಕರ್ನಾಟಕದಲ್ಲಿ ಈಗಲೂ ನಾಲ್ಕರಲ್ಲಿ ಒಂದು ಮದುವೆ ಹಾಗೇ ಆಗುತ್ತದೆ. ಸ್ಕಿಜೋಫ್ರೇನಿಯಾ ಸಂಬಂಧದ ಮದುವೆಯಿಂದಲೇ ಬರುವ ಕಾಯಿಲೆಯೂ ಅಲ್ಲ. ಆದರೆ ನಿಮ್ಮ ಮನೆಯಲ್ಲಿ ಜಗಲಿಯ ಅಜ್ಜನ ಕುಟುಂಬ ಈಗಾಗಲೇ ಅಪ್ಪ ಅಮ್ಮ ಇಬ್ಬರಲ್ಲೂ ಕೂಡಿದೆ. ಅತ್ತೆಯ ಮಗನಲ್ಲೂ ಅದೇ ಕುಟುಂಬ. ಒಂದೇ ಪಾತ್ರೆಯ ಹೆಪ್ಪನ್ನು ಮೂರನೇ ಸಲ ಹಾಕುವ ಅಗತ್ಯ ಏನಿದೆ? ಹೊರಗಿನ ಸಂಬಂಧವೇ ಒಳ್ಳೆಯದು.

ಜೀನ್ ಟೆಸ್ಟಿಗೆ ದುಡ್ಡು ಸುರಿಯಬೇಡಿ. ಎಂಜಲು ಕಳಿಸಿದರೆ ಅಪಾಯದ ಅಂಕ ಕೊಡುವವರಿದ್ದಾರೆ. ಎಲ್ಲ ಹನಿಗಳನ್ನೂ ಕೂಡಿಸಿದ ಆ ಅಂಕ, ಯುರೋಪಿನವರಲ್ಲೇ ಅಪಾಯದ ವ್ಯತ್ಯಾಸದ ಹತ್ತನೇ ಒಂದು ಭಾಗವನ್ನೂ ವಿವರಿಸುವುದಿಲ್ಲ. ನಮ್ಮ ಜನರಲ್ಲಿ ಇನ್ನೂ ಕಡಿಮೆ, ಯಾಕೆಂದರೆ ಆ ಅಧ್ಯಯನಗಳಲ್ಲಿ ಇದ್ದವರಲ್ಲಿ ಬಹುಪಾಲು ಯುರೋಪಿನವರು, ಉಳಿದವರಲ್ಲಿ ಹೆಚ್ಚಿನವರು ಪೂರ್ವ ಏಷ್ಯಾದವರು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಮತ್ತು ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್ ಸೇರಿ, ಒಂದಕ್ಕಿಂತ ಹೆಚ್ಚು ಜನರಿಗೆ ತೀವ್ರ ಮಾನಸಿಕ ಕಾಯಿಲೆ ಇರುವ ನಮ್ಮ ಕುಟುಂಬಗಳನ್ನೇ ಅಧ್ಯಯನ ಮಾಡುತ್ತಿದ್ದಾರೆ. ಅದು ಸಂಶೋಧನೆ, ಮದುವೆಗೆ ಕೊಡುವ ಸರ್ಟಿಫಿಕೇಟ್ ಅಲ್ಲ.

ಹುಬ್ಬಳ್ಳಿಯವರಿಗೆ ಹೇಳಬೇಕಾ? ಹೇಳಿ. ಕಾನೂನು ಕೇಳುವುದು ಮದುವೆಯಾಗುವವರ ಆರೋಗ್ಯವನ್ನು, ಅಣ್ಣನದ್ದನ್ನಲ್ಲ. ಆದರೂ ನಿಶ್ಚಿತಾರ್ಥಕ್ಕೆ ಮೊದಲು, ದಲ್ಲಾಳಿಯ ಮೂಲಕ ಅಲ್ಲ, ಹುಡುಗನಿಗೆ ನೀವೇ ಹೇಳಿ. 'ನನ್ನ ಅಣ್ಣನಿಗೆ ಸ್ಕಿಜೋಫ್ರೇನಿಯಾ ಇದೆ, ಚಿಕಿತ್ಸೆಯಲ್ಲಿದ್ದಾನೆ, ಅಂಗಡಿ ನೋಡಿಕೊಳ್ಳುತ್ತಾನೆ.' ಇಷ್ಟೇ ಸಾಕು, ಕ್ಷಮೆ ಕೇಳುವ ಧ್ವನಿ ಬೇಡ. ಅವನಿಗೆ ಅನುಮಾನ ಇದ್ದರೆ ಇಬ್ಬರೂ ಒಟ್ಟಿಗೆ ಅಣ್ಣನ ಡಾಕ್ಟರ ಹತ್ತಿರ ಹೋಗಿ, 4 ಅನ್ನೋ ಸಂಖ್ಯೆಯನ್ನು ಅವರ ಬಾಯಲ್ಲೇ ಕೇಳಲಿ. ಮುಚ್ಚಿಟ್ಟು ಆದ ಮದುವೆಗಳಲ್ಲಿ ನಾನು ಕಂಡ ಜಗಳ ಕಾಯಿಲೆಯ ಬಗ್ಗೆ ಅಲ್ಲ, ಮುಚ್ಚಿಟ್ಟದ್ದರ ಬಗ್ಗೆ.

ಅಣ್ಣನನ್ನು ಚಿಕ್ಕಪ್ಪನ ಮನೆಯಲ್ಲಿ ಬಿಡಬೇಡಿ. ಅವನನ್ನೇ ಕೇಳಿ, ಎಷ್ಟು ಹೊತ್ತು ಇರ್ತೀಯಾ ಅಂತ. ಧಾರೆಗೆ ಇರಲಿ. ಆರತಕ್ಷತೆಯ ಮೈಕು, ಗದ್ದಲ ಸಾಕೆನಿಸಿದರೆ ಛತ್ರದಲ್ಲಿ ಅವನಿಗೊಂದು ರೂಮಿನ ಬೀಗದ ಕೈ ಕೊಟ್ಟಿರಿ, ಜೊತೆಗೆ ಅವನಿಗೆ ಸಲುಗೆ ಇರುವ ಒಬ್ಬ ಗೆಳೆಯ ಇರಲಿ. ಹಿಂದಿನ ರಾತ್ರಿ ದೇವರಕಾರ್ಯ, ಹರಟೆ ಅಂತ ಎಲ್ಲರೂ ಎದ್ದಿರುತ್ತೀರಿ. ಅವನನ್ನು ಮಾತ್ರ ಹತ್ತು ಗಂಟೆಗೆ ಮಲಗಿಸಿ. ರಾತ್ರಿಯ ಮಾತ್ರೆ ಯಾರ ಚೀಲದಲ್ಲಿ ಇದೆ ಅಂತ ಈಗಲೇ ಗೊತ್ತು ಮಾಡಿಕೊಳ್ಳಿ. ಛತ್ರಕ್ಕೆ ಸಾಮಾನು ಸಾಗಿಸುವ ಗಡಿಬಿಡಿಯಲ್ಲಿ ಮರೆತು ಹೋಗುವುದು ಅದೇ.